ಇನ್ನೊಂದು ಹೆಜ್ಜೆ ಹಿಂದೆ

ಅಂಗಿಜೇಬಿಗೆ ಹಿಡಿಯುವ ಕ್ಯಾಮೆರಾ,
ಸೋಪಿನ ಡಬ್ಬಿಗಿಂತ ಒಂದಿಷ್ಟೇ ದಪ್ಪ.
ಮೂತಿ ಉದ್ದವಾಗುವುದಿಲ್ಲ, ಗಿಡ್ಡವಾಗುವುದಿಲ್ಲ.
ತುಮಕೂರಿನ ಅಂಗಡಿಯ ನಯಾಜ್
ಹಳೇ ಮಾಲನ್ನು ಬನಿಯನ್ ಚೂರಿನಲ್ಲಿ ಒರೆಸಿಕೊಡುತ್ತ ಅಂದಿದ್ದ:
‘ಜೂಮ್ ಇಲ್ಲ ಸಾರ್, ಆಮೇಲೆ ವಾಪಸ್ ತರಬೇಡಿ.
ಹತ್ತಿರ ಬೇಕಾದರೆ ಹತ್ತಿರ ಹೋಗಿ, ದೂರ ಬೇಕಾದರೆ ದೂರ.
ಅಷ್ಟೇ.’

ಅಷ್ಟೇ ಅಂದರೆ ಅಷ್ಟು ಸುಲಭವೇ.

ಇಪ್ಪತ್ತೊಂಬತ್ತು ವರ್ಷ ಸರ್ವೆ ಇಲಾಖೆಯಲ್ಲಿ
ಸರಪಳಿ ಎಳೆದವನು ನಾನು.
ಬಾಂದುಕಲ್ಲಿನಿಂದ ಬಾವಿಗೆಷ್ಟು, ಬಾವಿಯಿಂದ ಬದುವಿಗೆಷ್ಟು,
ಅಣ್ಣನದು ಎಲ್ಲಿಗೆ ಮುಗಿಯಿತು, ತಮ್ಮನದು ಎಲ್ಲಿಂದ,
ನಿದ್ದೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದೆ.
ನಾನು ಎಲ್ಲಿ ನಿಲ್ಲಬೇಕು ಅಂತ ಮಾತ್ರ
ಯಾರೂ ಕೇಳಿರಲಿಲ್ಲ.

ಕೊರಟಗೆರೆ ದಾಟಿದ ಮೇಲೆ
ಬಸ್ಸಿನ ಗಾಜಿನ ತುಂಬ ಮಧುಗಿರಿಯ ಬಂಡೆ.
ಸ್ಟ್ಯಾಂಡಿನಲ್ಲಿ ಇಳಿದು ಕ್ಯಾಮೆರಾ ಎತ್ತಿದೆ:
ಹೊಟ್ಟೆ ಇದೆ, ತಲೆ ಇಲ್ಲ.
ಹಿಂದೆ ಸರಿದೆ. ತಲೆ ಬಂತು, ಹೆಗಲು ಹೋಯಿತು.
ಕಬ್ಬಿನಹಾಲಿನ ಗಾಡಿಯವನು ‘ಅಣ್ಣೋ, ನೋಡ್ಕಂಡು’ ಅಂದ.
ಇನ್ನೂ ಹಿಂದೆ. ಟೈಲರ್ ಅಂಗಡಿಯ ಮೆಟ್ಟಿಲು ಹಿಮ್ಮಡಿಗೆ ತಾಗಿತು.
ಇನ್ನೂ. ಚರಂಡಿಯ ಚಪ್ಪಡಿ, ಅದರ ಮೇಲೊಂದು ನಾಯಿ,
ಎದ್ದು ಜಾಗ ಬಿಟ್ಟಿತು, ಪಾಪ.
ಗಲ್ಲಿ ಮುಗಿದಲ್ಲಿ ಹೊರಗಿನಿಂದ ತಾರಸಿಗೆ ಹೋಗುವ ಕಬ್ಬಿಣದ ಮೆಟ್ಟಿಲು.
ಹತ್ತಿಬಿಟ್ಟೆ.

ಮೇಲೆ ಹುಣಸೆಹಣ್ಣಿನ ರಾಶಿ.
ಗೋಣಿಯ ಮೇಲೆ ಕಾಲು ಚಾಚಿ
ಸುತ್ತಿಗೆ ಹಿಡಿದು ಬೀಜ ಬಿಡಿಸುತ್ತಿದ್ದ ಹೆಂಗಸು
‘ಯಾರು, ಕರೆಂಟಿನವರಾ?’ ಅಂದಳು.
‘ಅಲ್ಲಮ್ಮ, ಬೆಟ್ಟದ ಫೋಟೋ. ಪೂರ್ತಿ ಹಿಡಿಸ್ತಿಲ್ಲ.’
‘ಹಿಡಿಸದೆ ಎಲ್ಲೋಯ್ತದೆ?
ನಾನು ಮದುವೆಯಾಗಿ ಬಂದಾಗಿಂದ ಅಲ್ಲೇ ಬಿದ್ದೈತೆ.
ನಿಧಾನಕ್ಕೆ ತಗಿ. ಹಣ್ಣು ತುಳೀಬೇಡ.’

ಕೊನೆಯ ಮೂಲೆ. ಬೆನ್ನಿಗೆ ನೀರಿನ ಟ್ಯಾಂಕಿನ ಬಿಸಿ.
ಈಗ ಹಿಡಿಯಿತು, ಬುಡದಿಂದ ನೆತ್ತಿಯವರೆಗೆ,
ಕೋಟೆಗೋಡೆ ಹರಿದ ಬಟ್ಟೆಗೆ ಹಾಕಿದ ಹೊಲಿಗೆಯಷ್ಟು.
ಬಂಡೆಯ ಹಿಂದೆಯೇ ಕರೆಯದ ನೆಂಟರಂತೆ ಬಂದವು
ಕೇಬಲ್ ವೈರು, ಒಣಹಾಕಿದ ಲಂಗ,
ಗೋಣಿ, ಸುತ್ತಿಗೆ ಎತ್ತಿದ ಕೈ.
ಆಚೆ ಹೋಗಿ ಅನ್ನುವಂತಿಲ್ಲ, ಕಣ್ಣಿನ ಅಳತೆ ಒಂದೇ.
ನನ್ನ ನಕ್ಷೆಗಳಲ್ಲಿ ಇವುಗಳನ್ನೆಲ್ಲ
ಬಿಟ್ಟೇ ಬಿಡುತ್ತಿದ್ದೆ.

ಆಮೇಲೆ ಬೆಟ್ಟ ಹತ್ತಿದೆ.
ಬಂಡೆಯ ಮೇಲೆ ನಿಂತವನಿಗೆ ಬಂಡೆ ಕಾಣುವುದಿಲ್ಲ.
ಉಳಿ ಕೊರೆದ ಕುಳಿ ಕಾಣುತ್ತದೆ,
ಅದರಲ್ಲಿ ಯಾರದೋ ಹವಾಯಿ ಚಪ್ಪಲಿಯ ಕಿತ್ತ ಪಟ್ಟಿ,
ಕಂಬಿ ಬಿಗಿಹಿಡಿದ ನನ್ನದೇ ಬೆರಳು.
ಹದ್ದೊಂದು ಪಕ್ಕದಲ್ಲೇ ತೇಲಿತು. ಪಕ್ಕ ಅಂದುಕೊಂಡೆ.
ಚಿತ್ರದಲ್ಲಿ ಅದು ಗಾಜಿಗಂಟಿದ ಎಳ್ಳು.
ಹದ್ದಿನ ಹತ್ತಿರ ನಡೆದುಹೋಗುವ ದಾರಿಗೆ
ಇನ್ನೂ ಯಾರೂ ಸರಪಳಿ ಹಾಕಿಲ್ಲ.

ಮುಕ್ಕಾಲು ದಾರಿಗೆ ಮೊಣಕಾಲು ಸಾಕು ಅಂದಿತು.
ಕೂತು ಕೆಳಗೆ ನೋಡಿದೆ:
ಅಷ್ಟೊಂದು ತಾರಸಿಗಳಲ್ಲಿ ಒಂದರ ಮೇಲೆ ಕಂದು ಕಲೆ.
ಕ್ಯಾಮೆರಾ ಎತ್ತಿದೆ. ಇಳಿಸಿದೆ.
ಇಷ್ಟು ದೂರ ಇದಕ್ಕೆ ಕಾಣದು.
ನನಗೆ ಕಂಡಿತು; ಬಾಯಲ್ಲಿ ನೀರೂರಿತು.

ತಿಂಗಳ ಮೇಲೆ ಪ್ರಿಂಟು ಹಾಕಿಸಿ ಒಯ್ದೆ.
ಹೆಸರು ಸಣ್ಣೀರಮ್ಮ ಅಂತ ಗೊತ್ತಾದದ್ದು ಅವತ್ತೇ.
ಕೈ ಸೆರಗಿಗೆ ಒರೆಸಿ, ಬಿಸಿಲಿಗೆ ಹಿಡಿದು,
‘ಬೆಟ್ಟ ಸಣ್ಣದಾಗೋಯ್ತಲ್ಲಪ್ಪ’ ಅಂದಳು.
ಬೆರಳು ಬೆಟ್ಟದಿಂದ ಇಳಿದು, ವೈರು ದಾಟಿ,
ಸುತ್ತಿಗೆ ಎತ್ತಿದ ಕೈ ಮೇಲೆ ನಿಂತಿತು.
‘ಈ ಹಸಿರು ಬಳೆ ಮಾರನೇ ದಿನಾನೇ ಹೆಚ್ಚೋಯ್ತು.’

ಹೊರಟಾಗ ಕಾಗದದಲ್ಲಿ ಒಂದು ಹಿಡಿ ಹುಣಸೆಹಣ್ಣು ಸುತ್ತಿಕೊಟ್ಟಳು.
ಅದನ್ನು ಅಂಗಿಜೇಬಿಗೆ ತುರುಕಿಕೊಂಡೆ.
ಎರಡಕ್ಕೂ ಜಾಗವಿರಲಿಲ್ಲ,
ಕ್ಯಾಮೆರಾ ತುಮಕೂರಿನವರೆಗೂ ಕೈಯಲ್ಲೇ ಬಂತು.