ಪಾಸ್‌ಪೋರ್ಟ್ ಸೈಜಿನ ಹುಲಿ

ಅರ್ಜಿಗೆ ಇವತ್ತೇ ಕಡೇ ದಿನ, ಐದು ಗಂಟೆಯೊಳಗೆ.
ಮೂರೂವರೆಗೆ ಸ್ಟುಡಿಯೋದ ಬಾಗಿಲಲ್ಲಿ ಒಂದು ಹುಲಿ,
ಹಿಂದೆ ಅದರ ಅವ್ವ, ಸೆರಗಿನಲ್ಲಿ ಸುತ್ತಿದ ಅಂಕಪಟ್ಟಿ.
"ಫೋಟೋ ಬೇಕಾಗೇತ್ರಿ ಅಕ್ಕಾರ, ವಸತಿ ಸಾಲಿಗೆ."
ಬಣ್ಣ ತೊಳಕೊಂಡು ಬಾ ಅಂದೆ.
"ಹರಕಿ ಐತ್ರಿ. ನಾಳೆ ಅಲಾಯಿ ದೇವರು ಹೊಳಿಗೆ ಹೋಗೂತನಕ
ನೀರು ಮುಟ್ಟಸಂಗಿಲ್ಲ.
ನಿಮ್ಮ ಕಂಪ್ಯೂಟರದಾಗ ತೊಳೀರಿ."

ಹೊಳೆಬಸು, ಹತ್ತು ವರ್ಷ.
ನೆತ್ತಿಯಿಂದ ಸೊಂಟದವರೆಗೆ ಹಳದಿ, ಮೇಲೆ ಕರೀ ಪಟ್ಟೆ.
ದಾವಲಸಾಬನ ಕೆಲಸ. ವರ್ಷವಿಡೀ
ಲಾರಿಗಳ ಹಿಂದೆ ಕಮಲ ಬರೆಯುವ ಕೈ
ಮೊಹರಮ್ಮಿಗೆ ಮಾತ್ರ ಮಕ್ಕಳ ಗಲ್ಲಕ್ಕೆ ಇಳಿಯುತ್ತದೆ.
ಈಗೀಗ ನಡುಗುತ್ತದೆ ಅಂತಾರೆ.

ಸ್ಟೂಲಿನ ಮೇಲೆ ಕೂರಲು ಒಲ್ಲೆ ಅಂದಿತು ಹುಲಿ:
ಬಾಲ ಮಡಚುತ್ತದಂತೆ.
ನಗಬೇಡ ಅಂದೆ. ನಕ್ಕ.
ಬಲಗಡೆಯ ಕೋರೆಹಲ್ಲು ಬಿದ್ದಿತ್ತು.
ಒಣಗಿದ ಹಳದಿ ತುಟಿಯಂಚಿಗೆ ಬಿರಿದು
ಒಳಗಿನ ಹುಡುಗ ಕೂದಲೆಳೆಯಷ್ಟು ಕಂಡ.

ಒಂದು ತೆಗೆದೆ, ಅರ್ಜಿಗೆ.
ಇನ್ನೊಂದು, ಯಾರೂ ಕೇಳದಿದ್ದರೂ, ನನಗೆ.

ನಮ್ಮದು ಬಣ್ಣಗಾರರ ಮನೆ. ಈ ಗುಳೇದಗುಡ್ಡದಲ್ಲಿ
ಅರ್ಧ ಊರಿನ ಖಣಕ್ಕೆ ನೂಲು ಅದ್ದಿದವನು ನಮ್ಮಜ್ಜ.
ಸತ್ತಾಗಲೂ ಅವನ ಉಗುರು ನೀಲಿ;
ಮೈ ತೊಳೆದವರು ತಿಕ್ಕಿ ತಿಕ್ಕಿ ಕೈಬಿಟ್ಟರು.
ಬಣ್ಣ ತೆಗೆದು ಹೊಟ್ಟೆ ಹೊರೆಯುವವಳು
ಆ ಮನೆಯಲ್ಲಿ ನಾನೇ ಮೊದಲು:
ಮದುಮಗಳ ಮೊಡವೆ, ಬೀಗರ ಬಿಳಿಮೀಸೆ,
ಹಣೆಯ ಮೇಲೆ ಬಿದ್ದ ಟ್ಯೂಬ್‌ಲೈಟಿನ ಹಸಿರು.

ಮುಖವನ್ನು ಪರದೆ ತುಂಬ ಹಿಗ್ಗಿಸಿದೆ.
ಹಳದಿಯ ಕೆಳಗೆ ಯಾವ ಬಣ್ಣ?
ಕಿವಿಯ ಹಿಂದೆ, ಕುಂಚ ಮರೆತ ಕಡೆ
ಬೆರಳಗಲದ ಚರ್ಮ ಉಳಿದಿತ್ತು.
ಅದನ್ನೇ ಕಡ ತಂದು ಹಣೆಗೆ ಬಳಿದೆ. ಸಾಲಲಿಲ್ಲ.
ಅವ್ವನ ಮುಂಗೈಯನ್ನು ಕ್ಯಾಮರಾಕ್ಕೆ ಹಿಡಿಸಿ
ಅದರಿಂದ ಗಲ್ಲ ಮಾಡಿದೆ.
"ಇಷ್ಟು ಕರ್ರಗಿಲ್ರಿ ಅಂವ."
ತಿಳಿ ಮಾಡಿದೆ.
"ಇಷ್ಟು ಬೆಳ್ಳಗೂ ಇಲ್ರಿ."
ಪಕ್ಕದ ಮನೆಯ ಮಗ್ಗ ತನ್ನ ಲೆಕ್ಕ ತಾನು ಹೇಳುತ್ತಿತ್ತು.
ನಾಲ್ಕೂ ಇಪ್ಪತ್ತು.
ಒಂದೊಂದೇ ಪಟ್ಟೆ ಅಳಿಸಿದೆ. ಮೀಸೆ ಅಳಿಸಿದೆ.
ಎಡಗಣ್ಣಿನ ಕೆಳಗೆ ಸಿಡಿದ ಒಂದು ಕರೀ ಹನಿ,
ಅದನ್ನೂ, ಒಂದೇ ಕ್ಲಿಕ್ಕಿಗೆ.
ಸ್ಟೂಲಿನ ಮೇಲೆ ಹುಲಿ
ಬಾಲವನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿತ್ತು.

ನಾಲ್ಕು ಐವತ್ತಕ್ಕೆ ಎಂಟು ಪ್ರತಿ. ಓಡಿದರು.
ಬಜಾರಿನ ನಡುವೆ ಹುಲಿಯ ಕೈ ಹಿಡಿದು ಓಡುವ ತಾಯಿ;
ಆಟದವರಿರಬೇಕು ಅಂತ
ಹಲಗೆಯವರು ಅವರಿಗೂ ನಾಕು ಪೆಟ್ಟು ಬಾರಿಸಿದರು.

ಮೂರನೆಯ ದಿನ ಹುಡುಗ ಒಬ್ಬನೇ ಬಂದ,
ಬಾಕಿ ಇಪ್ಪತ್ತು ರೂಪಾಯಿ ಮುಷ್ಟಿಯಲ್ಲಿ.
ಸೀಮೆಎಣ್ಣೆ ತಿಕ್ಕಿ ಕೆಂಪಾದ ರೆಪ್ಪೆ,
ಕಿವಿಯ ತಿರುವಿನಲ್ಲಿ ಇನ್ನೂ ಹಳದಿ.
ಮೇಜಿನ ಗಾಜಿನ ಕೆಳಗಿದ್ದ ಪ್ರತಿ ನೋಡಿ ಕೇಳಿದ:
"ಇಂವ ಯಾರ್ರಿ?"

ಆಗ ನೋಡಿದೆ ಅವನನ್ನು, ಬಾಗಿಲ ಬೆಳಕಿನಲ್ಲಿ.
ಎಡಗಣ್ಣಿನ ಕೆಳಗೆ
ಎಳ್ಳುಕಾಳಿನಷ್ಟು ಮಚ್ಚೆ.

ಅರ್ಜಿ ಹೋಗಿಯಾಗಿತ್ತು. ಸೀಟು ಸಿಕ್ಕರೆ
ಆ ಶಾಲೆಯ ಕಡತದಲ್ಲಿ ಏಳು ವರ್ಷ
ಮಚ್ಚೆಯಿಲ್ಲದವನೇ ಕೂತಿರುತ್ತಾನೆ,
ಕಿವಿಯ ಹಿಂದಿನ ಹಣೆ, ಅವ್ವನ ಮುಂಗೈಯ ಗಲ್ಲ,
ನಾನು ಮುಚ್ಚಿಸಿದ ಬಾಯಿ.
ಇಪ್ಪತ್ತು ರೂಪಾಯಿ ಬೇಡ ಅಂದೆ.
ಯಾಕಂತ ಅವನಿಗೆ ತಿಳಿಯಲಿಲ್ಲ, ಮಿಠಾಯಿ ಅಂಗಡಿ ಕಡೆ ಓಡಿದ.

ಇನ್ನೊಂದನ್ನು ತೆರೆದೆ, ನನಗೆಂದು ತೆಗೆದದ್ದನ್ನು.
ಕೋರೆಹಲ್ಲಿಲ್ಲದ ನಗು. ಕಣ್ಣೊಳಗೆ ನನ್ನ ಲೈಟಿನ ಬಿಳಿ ಚುಕ್ಕಿ.
ಅದರ ಕೆಳಗೆ ಹಿಗ್ಗಿಸುತ್ತಾ ಹೋದೆ.
ಕಿವಿಯ ಬದಿಯಿಂದ ನೆಟ್ಟಗೆ ಬರುತ್ತಿದ್ದ ದಾವಲಸಾಬನ ಪಟ್ಟೆ
ಅಲ್ಲಿಗೆ ಬಂದು ನಿಧಾನಿಸಿ,
ತುಸು ಬಾಗಿ,
ಮಚ್ಚೆಗೆ ದಾರಿ ಬಿಟ್ಟು
ಮೂಗಿನ ಕಡೆ ಹೋಗಿತ್ತು.