ಹಿಟ್ಟಿನ ವಾಸನೆ

ನನ್ನ ಅಂಗಡಿ ನೆಲದ ಕೆಳಗೆ,
ಕಿಟಕಿ ಬೀದಿಯ ಮಟ್ಟಕ್ಕೆ.
ಮೂವತ್ತು ವರ್ಷದಿಂದ ತ್ಬಿಲಿಸಿ ಊರೆಂದರೆ ನನಗೆ
ಬೂಟು, ಕೊಡೆಯ ತುದಿ, ಜಾರಿದ ಕಾಲುಚೀಲ.
ರೊಟ್ಟಿ ಬೇಕಾದವರು ಬಗ್ಗಿ ಮುಖ ತೋರಿಸಬೇಕು.
ಬಗ್ಗದೆ ಮುಖ ಕಾಣುವವನು ಒಬ್ಬನೇ,
ಬತೋನಿ. ಅಂದರೆ ಯಜಮಾನರು.
ಎಡಗಿವಿಯಲ್ಲಿ ನಗರಸಭೆ ಚುಚ್ಚಿದ ಹಳದಿ ಬಿಲ್ಲೆ:
ಸೂಜಿ ಆಗಿದೆ, ಕಚ್ಚುವುದಿಲ್ಲ ಎಂಬ ಸರ್ಕಾರಿ ಭರವಸೆ.
ಅಂಚೆಯವನನ್ನು ಬಿಟ್ಟರೆ ಅದು ನಿಜವೂ ಹೌದು.

ಒಳಗೆ ಇನ್ನೊಬ್ಬಳು, ಮಾರಿಲಿ.
ಉಪ್ಪು ಅಂತ ಅರ್ಥ.
ಉಪ್ಪಿನ ಚೀಲದ ಹಿಂದೆ ಸಿಕ್ಕಿದ್ದಕ್ಕೆ ಆ ಹೆಸರು,
ಬಣ್ಣ ಮಾತ್ರ ಬಾಣಲೆಯ ತಳ.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ!
ಇವಳು ನನ್ನ ಕಣ್ಣಲ್ಲಿ ಕಣ್ಣಿಟ್ಟೇ
ನನ್ನ ತಟ್ಟೆಯ ಚೀಸ್ ಎಳೆದುಕೊಳ್ಳುತ್ತಾಳೆ.
ಹಿಟ್ಟಿನ ಮೂಟೆಯ ಮೇಲೆ ಮಲಗುವಾಗ ಕಪ್ಪು,
ಏಳುವಾಗ ಬೂದು.

ಒಮ್ಮೆ ಜುಜುನಾ ಅಜ್ಜಿ ಅರ್ಧ ರೊಟ್ಟಿ ಹಿಡಿದು ಬಂದು
ಕಷ್ಟಪಟ್ಟು ಬಗ್ಗಿ
"ಜುಂಬೆರ್, ನಿನ್ನ ರೊಟ್ಟಿಗೆ ಮೀಸೆ ಬಂದಿದೆ" ಎಂದಳು.
ನಾನು ಕಿವಿಯವರೆಗೆ ಕೆಂಪಾದೆ.
ಅವಳು ಕೂದಲು ಕಿತ್ತು ಊದಿ
ಮತ್ತೆರಡು ಕೊಂಡಳು,
ಒಂದು ತನಗೆ, ಒಂದು ಯಜಮಾನರಿಗೆ.

ಫೆಬ್ರವರಿಯಲ್ಲಿ ಯಜಮಾನರು ಕೆಮ್ಮತೊಡಗಿದರು.
ಮೊದಲು ಯಾರೋ ಮುದುಕ ಬಾಗಿಲಲ್ಲಿ ನಿಂತಿದ್ದಾನೆ ಅಂದುಕೊಂಡೆ.
ಮೂರನೇ ದಿನ ರೊಟ್ಟಿಯ ತುದಿ ಮುಟ್ಟಲಿಲ್ಲ.
ನಾಲ್ಕನೇ ದಿನ ಅಂಚೆಯವನೇ ಬಗ್ಗಿ ಹೇಳಿದ:
"ನಿನ್ನ ನಾಯಿ ನನ್ನನ್ನು ಬೊಗಳಲಿಲ್ಲ, ಏನೋ ಸರಿಯಿಲ್ಲ."

ತೊಂಬತ್ತು ಲಾರಿ ಎಂದಳು ಡಾಕ್ಟರ್ ತಿನಾತಿನ್.
ನಾನು ದುಡ್ಡನ್ನು ರೊಟ್ಟಿಯಲ್ಲೇ ಎಣಿಸುವವನು.
ಅರವತ್ತು ರೊಟ್ಟಿ.
ಅರವತ್ತು ಸಲ ಸೊಂಟದವರೆಗೆ ಒಲೆಯೊಳಗೆ ಬಾಗಿ
ಸುಡುವ ಗೋಡೆಗೆ ಹಿಟ್ಟು ಬಡಿದು ಏಳಬೇಕು.
ಅದು ಬಾಯ್ಲರ್ ರಿಪೇರಿಗೆಂದು
ನಾಜಿಬ್ರೋಲಾ ಡಬ್ಬಿಯಲ್ಲಿ ಎತ್ತಿಟ್ಟ ದುಡ್ಡು.
(ಬೈದಳು. ಬೈಯುತ್ತಲೇ ಡಬ್ಬಿ ತೆರೆದಳು.
ತಣ್ಣೀರು ಸ್ನಾನ ನಿನಗೇ ಎಂದಳು.)

ಡಾಕ್ಟರ್ ಕಾಗದ ಮುಂದಿಟ್ಟಳು:
ಯಜಮಾನರ ಹೆಸರು?
ಇವನೇ ಯಜಮಾನರು, ಎಂದೆ.
ಅವಳು ನಗಲಿಲ್ಲ, ಅವಳಿಗೆ ಸರದಿ ಉದ್ದವಿತ್ತು.
ಬೀದಿಯ ನಾಯಿ, ಎಂದೆ.
"ಬೀದಿ ಸಹಿ ಮಾಡುವುದಿಲ್ಲವಲ್ಲ?"
ಪೆನ್ನು ತೆಗೆದುಕೊಂಡೆ.
ಕಾಗದದ ಮೇಲೆ ಹೆಸರಿಗಿಂತ ಮೊದಲು
ಹೆಬ್ಬೆರಳಿನ ಹಿಟ್ಟು ಬಿತ್ತು.

ಮನೆ ಗೆದ್ದೆ ಎಂದುಕೊಂಡು ಕರೆತಂದರೆ
ಮಾರಿಲಿ ಬೆನ್ನು ಬಿಲ್ಲಾಗಿಸಿ ಬುಸುಗುಟ್ಟಿದಳು.
ಐದು ವರ್ಷ ಇವನ ಬೆನ್ನಿಗೊರಗಿ ಬಿಸಿಲು ಕಾಯಿಸಿದವಳು,
ಇವನ ಬಾಲದೊಡನೆ ಆಡಿ ಬೆಳೆದವಳು,
ಮದ್ದಿನ ವಾಸನೆಗೆ ಗುರುತೇ ಹಿಡಿಯಲಿಲ್ಲ.
ಅವನು ಒಂದು ಹೆಜ್ಜೆ ಮುಂದೆ,
ಇವಳ ಉಗುರು ಎರಡು ಹೆಜ್ಜೆ ಮುಂದೆ.
ಪಾಪ, ಕೊರಳಿನ ಸೂಜಿಗೆ ಅಳದವನು
ಅಲ್ಲಿ ಮೆಟ್ಟಿಲ ಮೇಲೆ ಸಣ್ಣಗೆ ಕುಂಯ್ ಎಂದ.

ಎರಡು ದಿನ ಹೀಗೇ.
ಮೂರನೆಯ ರಾತ್ರಿ ಹಿಟ್ಟು ನಾದುತ್ತಿದ್ದೆ,
ಏನು ತೋಚಿತೋ, ಕೈ ತೊಳೆಯದೆ ಹೋಗಿ
ಅವನ ಕತ್ತು, ಬೆನ್ನು, ಆ ಬಿಲ್ಲೆಯ ಕಿವಿ
ಎಲ್ಲಾ ಉಜ್ಜಿದೆ, ಹಬ್ಬಕ್ಕೆ ಎಣ್ಣೆ ಹಚ್ಚಿದ ಹಾಗೆ.
ಯಜಮಾನರು ಮುದಿ ಜಮೀನ್ದಾರನಂತೆ ಬೆಳ್ಳಗಾದರು.
ಮಾರಿಲಿ ದೂರದಿಂದ ಮೂಗು ಚಾಚಿದಳು.
ಹತ್ತಿರ ಬಂದಳು.
ಸೀನಿದಳು.
ತನ್ನ ಕೆಲಸವೇ ಅದೆಂಬಂತೆ
ಅವನ ಕಿವಿ ನೆಕ್ಕತೊಡಗಿದಳು.

ಈಗ ಅವನು ಕೆಳಗಿನ ಮೆಟ್ಟಿಲ ಮೇಲೆ ಮಲಗುತ್ತಾನೆ.
ಮಲಗಲು ನಾನು ಹೇಳಿಲ್ಲ, ಬೇಡವೆಂದೂ ಹೇಳಿಲ್ಲ.
ಕೆಮ್ಮು ಪೂರ್ತಿ ಹೋಗಿಲ್ಲ.
ಬೆಳಗಿನ ನಾಲ್ಕಕ್ಕೆ ಒಲೆಯೊಳಗೆ ಬಾಗಿದಾಗ
ಹಿಂದೆ ಒಂದು ಕೆಮ್ಮು ಕೇಳಿದರೆ
ಕೈ ಅರೆಗಳಿಗೆ ತಡೆಯುತ್ತದೆ,
ರೊಟ್ಟಿಯ ತುದಿ ನಾಯಿಬಾಲದಂತೆ ಡೊಂಕಾಗುತ್ತದೆ.

ಜುಜುನಾ ಅಜ್ಜಿ ಬಗ್ಗಿ ನೋಡಿದಳು:
"ಇವತ್ತು ಎಷ್ಟು ಡೊಂಕು?"
ಏಳು, ಎಂದೆ.
"ನಿನ್ನೆ ಒಂಬತ್ತಿತ್ತು" ಎಂದಳು,
ಆರಿಸಿ ಡೊಂಕಿನದ್ದೇ ಎರಡು ತೆಗೆದುಕೊಂಡಳು.