ವೈಪರ್ ಕೆಳಗಿನ ಚೀಟಿ

ಗುರುವಾರ ರಾತ್ರಿ ನಿಜ್ವಾದ ನನ್ನ ಕೋಣೆಯಲ್ಲಿ
ನೆಲದ ತುಂಬ ಹರವಿಕೊಂಡು ಕೂತಿದ್ದೆ:
ಹಣೆಗೆ ಕಟ್ಟುವ ದೀಪ, ಅದರ ಹೊಟ್ಟೆಗೆ ಮೂರು ಸೆಲ್,
ಡಯಾಲಿಸಿಸ್ ವಾರ್ಡಿನಿಂದ ಕೇಳಿ ತಂದ ಬ್ಯಾಂಡೇಜು,
ಉಪ್ಪುಸಕ್ಕರೆಯ ಪುಡಿ, ಒಂದು ಸೀಟಿ,
ಅವ್ವ ಕಳಿಸಿದ ಶೇಂಗಾ ಹೋಳಿಗೆ ಆರು. ಎಂಟಿದ್ದವು.

ನೀರು ತಲೆಗೆ ನಾಲ್ಕು ಲೀಟರ್.
ಪವಾಡೆಪ್ಪ ನಕ್ಕ: "ಅಕ್ಕಾ, ಗುಡ್ಡ ಹತ್ತಾಕ ಹೊಂಟೀವೋ
ಟ್ಯಾಂಕರ್ ಎಳಿಯಾಕೋ?"
ವೆಲ್ಡಿಂಗ್ ಹುಡುಗ, ಬಂದು ಐದು ತಿಂಗಳು,
ಕಾಲಲ್ಲಿ ಹವಾಯಿ ಚಪ್ಪಲಿ.
ಐವನ್ ಮಸ್ಕರೇನ್ಹಸ್ ತಮ್ಮ ಹಳೆಯ ಬೂಟು ಕೊಟ್ಟರು,
ಅಟ್ಟೆಯನ್ನು ಮೂರು ಸಲ ಎಳೆದು ನೋಡಿ:
ಇಲ್ಲಿಯ ಬಿಸಿಲಿಗೆ ಮೊದಲು ಗೋಂದು ಸೋಲುತ್ತದೆ, ಮನುಷ್ಯ ಆಮೇಲೆ.

ಅಲ್ ಹಮ್ರಾ ದಾಟಿ ಡಾಂಬರು ಮುಗಿದಲ್ಲಿ
ಕಾರನ್ನು ದಿಬ್ಬದ ಮೇಲೆ ನಿಲ್ಲಿಸಿದೆವು, ಕೆಂಡದಂಥ ಬಯಲಲ್ಲಿ.
ಕೆಳಗೆ ಒಣ ವಾದಿಯ ಮರಳಲ್ಲಿ ಸಿದ್ರ ಮರ,
ನಮ್ಮೂರ ಬಾರಿಗಿಡದ ದೊಡ್ಡಣ್ಣ, ನೆರಳು ಹಾಸಿ ಕರೆಯುತ್ತಿತ್ತು.
ಯಾರದೋ ಬಿಳಿ ಪಿಕಪ್ ಆಗಲೇ ಅಲ್ಲಿ ಮಲಗಿತ್ತು.

ಐವನ್ ಚೀಟಿ ಬರೆದು ವೈಪರ್ ಕೆಳಗೆ ಸಿಕ್ಕಿಸಿದರು:
ಮೂವರು. ಹೆಸರು. ಹೋಗುವ ದಾರಿ. ಮರಳುವ ಹೊತ್ತು ಮೂರು.
ಕೊನೆಗೆ ರುವಿಯಲ್ಲಿರುವ ಫಿಲೋಮಿನಾ ಬಾಯಿಯ ನಂಬರು.
ಐದರೊಳಗೆ ಫೋನ್ ಬಾರದಿದ್ದರೆ ಆಕೆ ಪೊಲೀಸರಿಗೆ ಹೇಳಬೇಕು,
ಅಳುತ್ತ ಕೂರಬಾರದು.
ಮದುವೆಯಾಗಿ ಇಪ್ಪತ್ತೊಂದು ವರ್ಷದ ಕರಾರು.

ಬಂಡೆಯಿಂದ ಬಂಡೆಗೆ ಹಳದಿ, ಬಿಳಿ, ಕೆಂಪು ಪಟ್ಟಿ.
ಇಲ್ಲಿಯ ಕಲ್ಲು ಮಾತು ಕೊಟ್ಟವರ ಹಾಗೆ,
ಭಾರ ಹಾಕಿದ ಮೇಲೆಯೇ ಗೊತ್ತಾಗುವುದು.

ಎದುರಿನ ಅಂಚಿನಲ್ಲಿ ಆಡುಗಳ ನಡುವೆ ಖಲ್ಫಾನ್ ಅಲ್ ಅಬ್ರಿ.
ನಮ್ಮನ್ನಲ್ಲ, ನಮ್ಮ ಹಿಂದೆ ನೋಡಿದ.
ದೂರ, ಜೆಬೆಲ್ ಶಮ್ಸ್ ನೆತ್ತಿಗೆ
ಒಂದು ಮುದ್ದೆ ಬೆಣ್ಣೆಯಷ್ಟು ಮೋಡ.
ಎರಡೇ ಮಾತು ಕೂಗಿದ. ಐವನ್ ಕನ್ನಡ ಮಾಡಿದರು:
"ವಾದಿ ಬರುತ್ತದಂತೆ."

"ಮ್ಯಾಲೆ ನೋಡ್ರಿ, ತೊಳದಿಟ್ಟಂಗೈತಿ ಮುಗಿಲು,
ತುದಿ ಇನ್ನು ನಲವತ್ತ ನಿಮಿಷ" ಅಂದ ಪವಾಡೆಪ್ಪ.

ನನ್ನ ಮೊಣಕಾಲಿಗೆ ಮಾತ್ರ ಆ ಮಾತು ಮೊದಲೇ ಗೊತ್ತಿತ್ತು.
ಹುನಗುಂದದ ಕಡೆ ಪ್ರವಾಹ ಅನ್ನುವುದಿಲ್ಲ ನಾವು,
ಹಳ್ಳ ಬಂತು ಅನ್ನುತ್ತೇವೆ, ಬೀಗರು ಬಂದರು ಅಂದ ಹಾಗೆ.
ಮೂರನೇ ಇಯತ್ತೆ. ಒಣ ಹಳ್ಳದಲ್ಲಿ ಗಜ್ಜುಗ ಆಡುತ್ತಿದ್ದ ನಮ್ಮನ್ನು
ದಂಡೆಯಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದ್ದಳು ದ್ಯಾಮವ್ವ.
ಅಂದೂ ನಮ್ಮ ತಲೆಯ ಮೇಲೆ ಒಂದು ಹನಿ ಬಿದ್ದಿರಲಿಲ್ಲ.

"ಇಳೀರಿ" ಅಂದೆ. ದನಿ ನನಗೇ ಒರಟಾಗಿ ಕೇಳಿತು.
ಹುಡುಗ ಕಲ್ಲೊಂದನ್ನು ಒದ್ದ, ನನ್ನ ಜೊತೆ ಮಾತು ಬಿಟ್ಟ.

ಕಾರು ಆಚೆ, ನಾವು ಈಚೆ, ನಡುವೆ ಮೂವತ್ತು ಹೆಜ್ಜೆ ಒಣ ಮರಳು.
ಇನ್ನೇನು ಇಳಿಯಬೇಕು, ಹಸಿಮಣ್ಣಿನ ವಾಸನೆ.
ಆಮೇಲೆ ಘಾಟಿಯಲ್ಲಿ ಲಾರಿ ಗೇರ್ ಬದಲಿಸುವ ಸದ್ದು.
ಆಮೇಲೆ ನೊರೆಯ ನಾಲಗೆ: ಹಿಕ್ಕೆ, ಕಡ್ಡಿ, ಒಂಟಿ ಚಪ್ಪಲಿ ನೆಕ್ಕಿಕೊಂಡು.
ಅದರ ಹಿಂದೆ ನೀರು, ಚಹದ ಬಣ್ಣದ್ದು.

ಪಿಕಪ್ ಮೆಲ್ಲಗೆ ಹೊರಳಿತು,
ರಿವರ್ಸ್ ಕಲಿಯುವವನ ಹಾಗೆ, ಹಿಂದೆ ಹಿಂದೆ.
ಯಜಮಾನ ಎದುರು ದಡದಲ್ಲಿ ತಲೆ ಮೇಲೆ ಕೈಹೊತ್ತು ನಿಂತಿದ್ದ,
ಪಕ್ಕದಲ್ಲಿ ಹೆಂಡತಿ, ಮಕ್ಕಳನ್ನು ಎಣಿಸುತ್ತ.
ಮತ್ತೆ ಎಣಿಸುತ್ತ.

ನಾವು ಬಂಡೆ ಏರಿ ಕೂತೆವು. ಹೋಳಿಗೆ ಮುರಿದೆವು.
ಪವಾಡೆಪ್ಪ ಮೂರನೆಯ ಲೀಟರ್ ಕುಡಿದ,
ಟ್ಯಾಂಕರ್ ಸುದ್ದಿ ಎತ್ತಲಿಲ್ಲ.
ಮೂರಾಯಿತು. ಮೂರೂವರೆ. ಫೋನಿನಲ್ಲಿ ಒಂದು ಗೆರೆಯೂ ಇಲ್ಲ.
ನೀರು ಇಳಿದು, ನಟ್ಟನಡುವಿನ ಗುಂಡುಕಲ್ಲು ಕಾಣುವವರೆಗೆ
ಐವನ್ ಯಾರನ್ನೂ ಏಳಗೊಡಲಿಲ್ಲ.

ಚೀಟಿ ಬಿಸಿಲಿಗೆ ಹಪ್ಪಳವಾಗಿತ್ತು.
ಹೆಸರುಗಳು ಮಾಸಿದ್ದವು, ಓದಬಹುದಿತ್ತು.

ಅಲ್ ಹಮ್ರಾದಲ್ಲಿ ಸಿಗ್ನಲ್ ಸಿಕ್ಕಾಗ ಐದಕ್ಕೆ ಎಂಟು ನಿಮಿಷ.
ರಿಂಗಾಗುವ ಮೊದಲೇ ಎತ್ತಿದರು ಫಿಲೋಮಿನಾ ಬಾಯಿ.
ಐವನ್‌ಗೆ ಗಂಟಲು ಕಟ್ಟಿ ಫೋನ್ ನನ್ನ ಕೈಗಿಟ್ಟರು.

"ಹಳ್ಳ ಬಂತ್ರೀ" ಅಂದೆ.

ವರ್ಷವಿಡೀ ಹೊಳೆ ಕಂಡವರು ಆಕೆ, ಬಂಟ್ವಾಳದವರು.
ಒಂದು ಗಳಿಗೆ ಉಸಿರು ಮಾತ್ರ ಕೇಳಿತು. ಆಮೇಲೆ:
"ಬಂತಾ? ಅಷ್ಟರವರೆಗೆ ಅದು ಎಲ್ಲಿಗೆ ಹೋಗಿತ್ತು ಮಾರಾಯ್ತಿ?"